ಕಂದು ತಂತಿಯ ಕಿಚ್ಚು

ಮೋಟಾರು ಗಾಡಿಗಳಲ್ಲಿ ಎರಡು ಜಾತಿ. ಮನುಷ್ಯರನ್ನೂ ಅವರ ಗಂಟುಮೂಟೆಗಳನ್ನೂ ಊರಿನಿಂದ ಊರಿಗೆ ಒಯ್ಯುವುದಕ್ಕಾಗಿ ಹುಟ್ಟಿದವು ಒಂದು ಜಾತಿ. ಓಡಿಸುವ ಆನಂದಕ್ಕಾಗಿಯೇ ಹುಟ್ಟಿದವು ಇನ್ನೊಂದು. ಈ ಎರಡನೆಯ ಜಾತಿಗೆ ಸೇರಿದ ಸ್ಪೋರ್ಟ್ಸ್ ಕಾರುಗಳಲ್ಲಿ ಸಾಮಾನ್ಯವಾಗಿ ಇಬ್ಬರಿಗೆ ಮಾತ್ರ ಸ್ಥಳ. ತಲೆಯ ಮೇಲೆ ಮಡಿಸಿಡಬಹುದಾದ ಬಟ್ಟೆಯ ಮರೆ, ನೆಲಕ್ಕೆ ತಾಗಿತೋ ಎಂಬಷ್ಟು ತಗ್ಗಿನಲ್ಲಿ ಆಸನ, ಎದುರಿಗೆ ನೀಳವಾದ ಬಾನೆಟ್ಟು. ಎರಡನೆಯ ಮಹಾಯುದ್ಧ ಮುಗಿದ ತರುವಾಯ ಇಂಗ್ಲೆಂಡು ಇಂಥ ಗಾಡಿಗಳನ್ನು ತಯಾರಿಸಿ ಹೊರದೇಶಗಳಿಗೆ, ಅದರಲ್ಲಿಯೂ ಅಮೆರಿಕಕ್ಕೆ, ಹಡಗು ಹಡಗಾಗಿ ಕಳುಹಿಸಿತು. ಟ್ರಯಂಫ್, ಆಸ್ಟಿನ್-ಹೀಲಿ, ಲೋಟಸ್, ಎಂ.ಜಿ. ಎಂಬ ಹೆಸರುಗಳು ಮನೆಮಾತಾದುವು. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಜಾಗ್ವಾರ್ ಸಂಸ್ಥೆಯ ಇ-ಟೈಪ್ ಕಾಣಿಸಿಕೊಂಡಾಗ ನೋಡಿದವರ ಕಣ್ಣು ಕೋರೈಸಿತು. ಮರುವರ್ಷ ಹುಟ್ಟಿದ ಎಂ.ಜಿ.ಬಿ. ಎಂಬ ಗಾಡಿ, 1980ರಲ್ಲಿ ಆಬಿಂಗ್ಡನ್ ಕಾರ್ಖಾನೆಯ ಬಾಗಿಲು ಮುಚ್ಚುವ ಹೊತ್ತಿಗೆ, ಐದು ಲಕ್ಷಕ್ಕೂ ಮಿಕ್ಕಿ ತಯಾರಾಗಿತ್ತು.

ಅಂದು ತರುಣರ ಕನಸಾಗಿದ್ದ ಆ ಗಾಡಿಗಳು ಇಂದು ವೃದ್ಧವಾಗಿವೆ. ಆದರೂ ಅವುಗಳ ಮೇಲಿನ ಮೋಹ ಮಾತ್ರ ಮುಪ್ಪಾಗಿಲ್ಲ. ರಜೆಯ ದಿನ ಬಂತೆಂದರೆ ಒಡೆಯರು ಮಕ್ಕಳಿಗೆ ಎಣ್ಣೆ ನೀರು ಎರೆಯುವಷ್ಟೇ ಅಕ್ಕರೆಯಿಂದ ಅವನ್ನು ತೊಳೆದು ಒರಸುತ್ತಾರೆ. ಹೊರಮೈಯ ಬಣ್ಣ ಕನ್ನಡಿಯಂತೆ ಹೊಳೆಯುತ್ತದೆ. ಚಕ್ರದ ಕಡ್ಡಿ ಕಡ್ಡಿಯೂ ಥಳಥಳಿಸುತ್ತದೆ. ಆದರೆ ಒಂದು ವಾಸನೆ ಮೂಗಿಗೆ ಬಡಿದರೆ ಸಾಕು, ಈ ಒಡೆಯರ ಎದೆ ಝಲ್ಲೆನ್ನುತ್ತದೆ. ಅದು ಡ್ಯಾಶ್‌ಬೋರ್ಡಿನ ಹಿಂದಿನಿಂದ ಬರುವ, ಸುಡುತ್ತಿರುವ ತಂತಿಯ ವಾಸನೆ. ಮೊದಲು ಊದುಕಡ್ಡಿಯ ಹೊಗೆಯಷ್ಟು ಸಣ್ಣ ಎಳೆ, ನೋಡುನೋಡುತ್ತಿದ್ದಂತೆ ಕಣ್ಣು ಕಟ್ಟುವಷ್ಟು ಕಪ್ಪು ಹೊಗೆ, ಆಮೇಲೆ ಜ್ವಾಲೆ. ಎಲ್ಲವೂ ನಿಮಿಷಗಳ ಲೆಕ್ಕ. ಅರ್ಧ ಶತಮಾನ ಕಾಪಾಡಿಕೊಂಡು ಬಂದ ಗಾಡಿ ರಸ್ತೆಯ ಮಗ್ಗುಲಲ್ಲಿ ಇದ್ದಿಲಿನ ಗುಡ್ಡೆಯಾಗಿ ನಿಂತಿರುತ್ತದೆ.

ಕತ್ತಲೆಯ ರಾಜಕುಮಾರ

ಆ ಕಾಲದ ಇಂಗ್ಲಿಷ್ ಗಾಡಿಗಳ ದೀಪ, ಡೈನಮೊ, ಸ್ಟಾರ್ಟರು, ಸ್ವಿಚ್ಚುಗಳಲ್ಲಿ ಬಹುಪಾಲನ್ನು ಒದಗಿಸುತ್ತಿದ್ದುದು ಬರ್ಮಿಂಗ್‌ಹ್ಯಾಮಿನ ಲೂಕಸ್ ಸಂಸ್ಥೆ. ಅದರ ಮೂಲಪುರುಷ ಜೋಸೆಫ್ ಲೂಕಸ್ ಹತ್ತೊಂಬತ್ತನೆಯ ಶತಮಾನದಲ್ಲಿ ತಳ್ಳುಗಾಡಿಯಲ್ಲಿ ಸೀಮೆಎಣ್ಣೆ ಮಾರುತ್ತಿದ್ದವನು. ಮುಂದೆ ಸೈಕಲ್ ದೀಪಗಳಿಂದ ಹೆಸರು ಗಳಿಸಿದ. ಭಾರತದ ಓದುಗರಿಗೂ ಈ ಹೆಸರು ಅಪರಿಚಿತವಲ್ಲ. 1961ರಲ್ಲಿ ಮದರಾಸಿನಲ್ಲಿ ಲೂಕಸ್-ಟಿ.ವಿ.ಎಸ್. ಸ್ಥಾಪನೆಯಾದ ಮೇಲೆ ಅದು ಇಲ್ಲಿನ ಬಿಡಿಭಾಗಗಳ ಅಂಗಡಿಗಳಲ್ಲಿಯೂ ನಿತ್ಯ ಕೇಳಿಬರುವ ಮಾತಾಯಿತು.

ಇಂಗ್ಲೆಂಡು, ಅಮೆರಿಕಗಳ ಹಳೆಯ ಗಾಡಿಗಳ ಒಡೆಯರು ಈ ಲೂಕಸನಿಗೆ ಇಟ್ಟಿರುವ ಬಿರುದು ‘ಕತ್ತಲೆಯ ರಾಜಕುಮಾರ’ ಎಂದು. ದೀಪದ ಸ್ವಿಚ್ಚಿಗೆ ಮೂರು ಸ್ಥಾನಗಳಂತೆ: ಮಂಕು, ಮಿಣುಕು, ಮಾಯ! ಇನ್ನೊಂದು ವಿನೋದದ ಪ್ರಕಾರ ತಂತಿಗಳೊಳಗೆ ಹರಿಯುವುದು ವಿದ್ಯುತ್ತಲ್ಲ, ಹೊಗೆ. ಹೊಗೆ ಹೊರಕ್ಕೆ ಬಂದೊಡನೆ ಯಂತ್ರ ನಿಲ್ಲುವುದು ಅದಕ್ಕಾಗಿಯೇ ಎಂದು ಹೇಳಿ ನಗುತ್ತಾರೆ.

ನಗೆ ಹಾಗಿರಲಿ, ನ್ಯಾಯವನ್ನೂ ನೋಡಬೇಕು. ಆ ತಂತಿಗಳನ್ನು ಅರುವತ್ತು ವರ್ಷ ಬಾಳಲೆಂದು ಯಾರೂ ತಯಾರಿಸಲಿಲ್ಲ. ಗಾಡಿ ಕಟ್ಟುವವರು ಒಂದೊಂದು ಪೆನ್ನಿಗೂ ಲೆಕ್ಕ ಹಾಕುತ್ತಿದ್ದ ಕಾಲ ಅದು. ಅಂಥವರು ಕೇಳಿದಷ್ಟನ್ನು, ಅವರು ಕೊಟ್ಟ ಬೆಲೆಗೆ, ಲೂಕಸ್ ಒದಗಿಸಿತು. ಹತ್ತು ಹದಿನೈದು ವರ್ಷಗಳ ಆಯುಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ನೆಯ್ದ ಬಟ್ಟೆಯನ್ನು ಮೊಮ್ಮಗನೂ ಉಟ್ಟು, ಹರಿಯಿತೆಂದು ನೇಕಾರನನ್ನು ಬೈದರೆ ಅದೇನು ನ್ಯಾಯ? ಆದರೆ ಒಂದು ದೋಷವನ್ನು ಮಾತ್ರ ಮುಪ್ಪಿನ ಮೇಲೆ ಹೊರಿಸುವಂತಿಲ್ಲ. ಅದು ಹುಟ್ಟುವಾಗಲೇ ಜೊತೆಗೆ ಬಂದದ್ದು.

ಎಂದಿಗೂ ಮಲಗದ ತಂತಿ

ಆ ಗಾಡಿಗಳ ತಂತಿಗಳಿಗೆ ಬಣ್ಣದ ಒಂದು ಭಾಷೆಯಿದೆ. ಕಪ್ಪೆಂದರೆ ಗಾಡಿಯ ಮೈಗೆ ಸೇರುವ ತಂತಿ. ನೀಲಿ ಮುಂದಣ ದೊಡ್ಡ ದೀಪಗಳದು. ಕೆಂಪು ಚಿಕ್ಕ ದೀಪಗಳದು. ಬಿಳಿ ಕೀಲಿ ತಿರುಗಿಸಿದಾಗ ಮಾತ್ರ ಜೀವ ತಳೆಯುವುದು. ಹಸಿರು ಅದೇ ಶಕ್ತಿ ಫ್ಯೂಸಿನ ಮೂಲಕ ಬಂದದ್ದು. ಇವೆಲ್ಲಕ್ಕೂ ತಾಯಿ ಕಂದು ತಂತಿ. ಬ್ಯಾಟರಿಯ ದಪ್ಪ ಹಗ್ಗದಂಥ ತಂತಿ ಸ್ಟಾರ್ಟರಿನ ಬಳಿಗೆ ಬಂದು ಸೇರುವಲ್ಲಿ ಇದು ಹುಟ್ಟುತ್ತದೆ. ಅಲ್ಲಿಂದ ಫ್ಯೂಸಿನ ಪೆಟ್ಟಿಗೆಗೆ, ಕೀಲಿಯ ಸ್ವಿಚ್ಚಿಗೆ, ದೀಪದ ಸ್ವಿಚ್ಚಿಗೆ ಕವಲೊಡೆಯುತ್ತದೆ. ಇದಕ್ಕೆ ಫ್ಯೂಸಿಲ್ಲ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೂ ಇದರಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಮನೆಯವರೆಲ್ಲ ಮಲಗಿದರೂ ಇದು ಮಲಗುವುದಿಲ್ಲ.

ಈ ಮಾತಿನ ಗಾಂಭೀರ್ಯ ತಿಳಿಯಬೇಕಾದರೆ ಮನೆಯ ವಿದ್ಯುತ್ತನ್ನು ನೆನೆಸಿಕೊಳ್ಳಬಹುದು. ಬೀದಿಯ ಕಂಬದಿಂದ ತಂತಿ ಮನೆಯೊಳಕ್ಕೆ ಬಂದ ಕೂಡಲೇ ಮೀಟರಿನ ಪಕ್ಕದಲ್ಲಿ ಫ್ಯೂಸನ್ನು ಇಡುತ್ತಾರೆ. ಎಲ್ಲಿ ಅನಾಹುತವಾದರೂ ಅದು ತಾನು ಕರಗಿ ಮನೆಯನ್ನು ಉಳಿಸುತ್ತದೆ. ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ ಬಾಗಿಲ ಬಳಿ ಈ ಕಾವಲುಗಾರನೇ ಇಲ್ಲ. ಮೊದಮೊದಲ ಎಂ.ಜಿ.ಬಿ. ಗಾಡಿಗಳಲ್ಲಿ ಕೆಲಸ ಮಾಡುತ್ತಿದ್ದುದು ಎರಡೇ ಫ್ಯೂಸು. ಮುಂದಣ ದೀಪಗಳಿಗೂ ಫ್ಯೂಸಿನ ರಕ್ಷಣೆಯಿರಲಿಲ್ಲ. ಇಂದಿನ ಸಾಧಾರಣ ಗಾಡಿಯಲ್ಲಿಯೂ ಹತ್ತಾರು ಫ್ಯೂಸುಗಳಿರುವುದನ್ನು ನೆನೆದರೆ ಅಂದಿನವರ ಧೈರ್ಯಕ್ಕೆ ತಲೆದೂಗಬೇಕು.

ಹನ್ನೆರಡು ವೋಲ್ಟಿನ ಬ್ಯಾಟರಿ ತಾನೆ, ಮುಟ್ಟಿದರೂ ಜುಮ್ಮೆನ್ನುವುದಿಲ್ಲ, ಅದರಿಂದೇನು ಅಪಾಯ ಎಂದು ಅನೇಕರು ತಿಳಿಯುತ್ತಾರೆ. ಮೈಗೆ ಅಪಾಯವಿಲ್ಲ, ನಿಜ. ಆದರೆ ಎಂಜಿನ್ನನ್ನು ತಿರುಗಿಸಲು ನೂರಕ್ಕೂ ಹೆಚ್ಚು ಆಂಪಿಯರು ವಿದ್ಯುತ್ತನ್ನು ಕ್ಷಣಮಾತ್ರದಲ್ಲಿ ಸುರಿಯಬಲ್ಲ ಪಾತ್ರೆ ಅದು. ಕಂದು ತಂತಿ ಹೊರಬಲ್ಲದ್ದು ಸುಮಾರು 25ರಿಂದ 30 ಆಂಪಿಯರು. ಎಲ್ಲಿಯಾದರೂ ಅದರ ಹೊದಿಕೆ ಸವೆದು ತಾಮ್ರ ಗಾಡಿಯ ಉಕ್ಕಿನ ಮೈಗೆ ತಾಗಿತೋ, ತಡೆಯುವವರಿಲ್ಲದೆ ನೂರಾರು ಆಂಪಿಯರು ನುಗ್ಗುತ್ತದೆ. ಪ್ರವಾಹ ಹತ್ತು ಪಟ್ಟಾದರೆ ಶಾಖ ನೂರು ಪಟ್ಟಾಗುತ್ತದೆ. ಇದು ಪ್ರಕೃತಿಯ ನಿಯಮ. ತಂತಿ ಕೆಂಡವಾಗುತ್ತದೆ. ಅದೊಂದೇ ಆದರೆ ಹೋಗಲಿ; ಹತ್ತಿಪ್ಪತ್ತು ತಂತಿಗಳನ್ನು ಜಡೆಯಂತೆ ಒಂದೇ ಸುತ್ತುಬಟ್ಟೆಯಲ್ಲಿ ಬಿಗಿದಿರುವುದರಿಂದ ಪಕ್ಕದವುಗಳ ಹೊದಿಕೆಯೂ ಕರಗಿ, ಒಂದರ ಬೆಂಕಿ ಎಲ್ಲದರ ಬೆಂಕಿಯಾಗುತ್ತದೆ.

ತಂತಿಯ ಹೊದಿಕೆ ಸವೆಯುವುದಾದರೂ ಎಲ್ಲಿ? ಹೆಚ್ಚಾಗಿ ಎಂಜಿನ್ನಿಗೂ ಸವಾರರಿಗೂ ನಡುವೆ ಇರುವ ಉಕ್ಕಿನ ಗೋಡೆಯಲ್ಲಿ. ತಂತಿಗಳ ಜಡೆ ಆ ಗೋಡೆಯ ತೂತುಗಳ ಮೂಲಕ ಹಾದು ಬರುತ್ತದೆ. ತೂತಿನ ಅಂಚು ತಾಗದಿರಲೆಂದು ರಬ್ಬರಿನ ಬಳೆ ತೊಡಿಸಿರುತ್ತಾರೆ. ಎಂಜಿನ್ನಿನ ಬಿಸಿಗೆ ವರ್ಷಗಳು ಕಳೆದಂತೆ ಆ ರಬ್ಬರು ಗಟ್ಟಿಯಾಗಿ, ಬಿರಿದು, ಒಂದು ದಿನ ಉದುರಿಹೋಗುತ್ತದೆ. ಅಲ್ಲಿಂದಾಚೆಗೆ ಗಾಡಿಯ ಪ್ರತಿಯೊಂದು ಕುಲುಕಾಟಕ್ಕೂ ಉಕ್ಕಿನ ಅಂಚು ತಂತಿಯನ್ನು ಗರಗಸದಂತೆ ಉಜ್ಜುತ್ತದೆ. ಬಿಗಿಯಾದ ಸ್ಪ್ರಿಂಗುಗಳ ಮೇಲೆ ಕುಳಿತ ಸ್ಪೋರ್ಟ್ಸ್ ಕಾರಿನಲ್ಲಿ ಕುಲುಕಾಟಕ್ಕೇನು ಕೊರತೆ!

ಡ್ಯಾಶ್‌ಬೋರ್ಡಿನ ಹಿಂಭಾಗ ಇನ್ನೊಂದು ಗಂಡಾಂತರದ ಸ್ಥಾನ. ಇ-ಟೈಪಿನ ನಡುಫಲಕವನ್ನು ಪೆಟ್ಟಿಗೆಯ ಮುಚ್ಚಳದಂತೆ ಕೆಳಕ್ಕೆ ಮಡಿಸಬಹುದು. ನೋಡುವುದಕ್ಕೆ ಬಹಳ ಜಾಣತನದ ಏರ್ಪಾಟು. ಆದರೆ ಮಡಿಸಿದಾಗಲೆಲ್ಲ ಹಿಂದಿನ ಹಳೆಯ ತಂತಿಗಳೂ ಮಡಿಯುತ್ತವೆ. ಅಲ್ಲಿಯೇ ಆಮ್ಮೀಟರು ಇರುವ ಗಾಡಿಗಳಲ್ಲಂತೂ, ಸ್ಟಾರ್ಟರಿನದನ್ನು ಬಿಟ್ಟರೆ ಗಾಡಿಯ ಬಹುಮಟ್ಟಿನ ವಿದ್ಯುತ್ತೆಲ್ಲ ಫ್ಯೂಸಿಲ್ಲದೆ ಅದರ ಬೆನ್ನಿನ ಎರಡು ಮೊಳೆಗಳ ಮೂಲಕ ಹರಿಯುತ್ತದೆ. ಬ್ಯಾಟರಿಯನ್ನು ಬಿಚ್ಚದೆ ಅಲ್ಲಿ ಕೈಹಾಕಿದವನ ಸ್ಪ್ಯಾನರು ತಪ್ಪಿ ಉಕ್ಕಿಗೆ ತಾಗಿದರೆ ಕೇಳುವುದೇ ಬೇಡ.

ಇವೆಲ್ಲಕ್ಕಿಂತ ವಿಚಿತ್ರವಾದುದು ಚೋಕ್ ತಂತಿಯ ಕಥೆ. ಎಂಜಿನ್ನು ರಬ್ಬರಿನ ಮೆತ್ತೆಗಳ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಎಂಜಿನ್ನನ್ನೂ ಗಾಡಿಯ ಮೈಯನ್ನೂ ಹೆಣೆದ ತಾಮ್ರದ ಪಟ್ಟಿಯೊಂದರಿಂದ ಜೋಡಿಸಿರುತ್ತಾರೆ. ರಿಪೇರಿಯ ಕಾಲದಲ್ಲಿ ಅದನ್ನು ಬಿಚ್ಚಿದವರು ಮತ್ತೆ ಹಾಕಲು ಮರೆತರೆ, ಅಥವಾ ಅದು ಕಿಲುಬು ಹಿಡಿದು ತುಂಡಾದರೆ, ಸ್ಟಾರ್ಟರಿನ ಭಾರಿ ಪ್ರವಾಹ ಬೇರೆ ದಾರಿ ಹುಡುಕುತ್ತದೆ. ಸಿಕ್ಕುವುದು ಡ್ಯಾಶ್‌ಬೋರ್ಡಿನಿಂದ ಕಾರ್ಬ್ಯುರೇಟರಿಗೆ ಹೋಗುವ ಚೋಕಿನ ತೆಳುವಾದ ಉಕ್ಕಿನ ಎಳೆ. ಅದು ಕಮ್ಮಾರನ ಕುಲುಮೆಯ ಸಲಾಕೆಯಂತೆ ಕೆಂಪಗಾಗುತ್ತದೆ. ಅದರ ತುದಿ ಇರುವುದೆಲ್ಲಿ? ಪೆಟ್ರೋಲು ತುಂಬಿದ ಕಾರ್ಬ್ಯುರೇಟರಿನ ಮಗ್ಗುಲಲ್ಲಿ.

ಪೆಟ್ರೋಲಿನ ಆವಿ ನೀರು ಹೆಪ್ಪುಗಟ್ಟುವ ಚಳಿಯಲ್ಲಿಯೂ ಕಿಡಿಗಾಗಿ ಕಾದಿರುತ್ತದೆ. ಹಳೆಯ ಕಾರ್ಬ್ಯುರೇಟರುಗಳು ತುಂಬಿ ಚೆಲ್ಲುವುದುಂಟು. ರಬ್ಬರಿನ ಕೊಳವೆಗಳು ಒಸರುವುದುಂಟು. ಇತ್ತೀಚೆಗೆ ಪೆಟ್ರೋಲಿಗೆ ಎಥನಾಲು ಬೆರೆಸುವುದು ಹೆಚ್ಚಾದ ಮೇಲೆ ಈ ಒಸರುವಿಕೆಯೂ ಹೆಚ್ಚಿದೆ. ಹಳೆಯ ಕಾಲದ ರಬ್ಬರನ್ನು ಎಥನಾಲು ಮೆತ್ತಗೆ ಮಾಡಿ ಹಾಳುಗೆಡವುತ್ತದೆ. ಬ್ರಿಟನ್ನಿನಲ್ಲಿ 2021ರಿಂದ ನೂರಕ್ಕೆ ಹತ್ತು ಪಾಲಿನವರೆಗೆ ಎಥನಾಲು ಬೆರೆತ ಪೆಟ್ರೋಲು ಬಂತು. ಭಾರತದಲ್ಲಿ ಇಪ್ಪತ್ತು ಪಾಲಿನ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲಿಯೇ. ನಮ್ಮ ನಾಡಿನಲ್ಲಿ ಹಳೆಯ ಗಾಡಿಗಳನ್ನು ಓಡಿಸುವ ಹವ್ಯಾಸಿಗಳು ತಂತಿಯ ಜೊತೆಗೆ ಕೊಳವೆಯನ್ನೂ ನೋಡಿಕೊಳ್ಳಬೇಕಾದ ಕಾಲ ಬಂದಿದೆ.

ಅಕ್ಕರೆಯಿಂದ ಆಗುವ ಅನಾಹುತ

ಒಡೆಯನ ಅಕ್ಕರೆಯೂ ಕೆಲವೊಮ್ಮೆ ಬೆಂಕಿಗೆ ಎಣ್ಣೆಯಾಗುವುದುಂಟು. ಮೂಲದ ಮಂಕು ದೀಪ ತೆಗೆದು ಪ್ರಖರವಾದ ಹ್ಯಾಲೊಜನ್ ದೀಪ ಹಾಕುತ್ತಾರೆ; ತಂತಿ, ಸ್ವಿಚ್ಚು ಮಾತ್ರ ಹಳೆಯವೇ. ಜೋಡಣೆಯೊಂದು ಕಿಲುಬಿನಿಂದ ಸಡಿಲವಾಗಿ, ಅದರಲ್ಲಿ ಒಂದು ಓಮಿನ ಐದನೆಯ ಒಂದು ಪಾಲಿನಷ್ಟು ತಡೆ ಹುಟ್ಟಿದರೂ, ಹತ್ತು ಆಂಪಿಯರು ಹರಿಯುವಾಗ ಇಪ್ಪತ್ತು ವಾಟ್ ಶಾಖ ಅಲ್ಲಿ ಏಳುತ್ತದೆ. ಕಡಲೆಕಾಳಿನಷ್ಟು ಜಾಗದಲ್ಲಿ ಇಪ್ಪತ್ತು ವಾಟ್ ಎಂದರೆ ಬೆಸುಗೆ ಹಾಕುವ ಸಣ್ಣ ಕಾವುಗೋಲೇ ಸರಿ. ವಿಶೇಷವೆಂದರೆ ಇಂಥಲ್ಲಿ ಫ್ಯೂಸಿದ್ದರೂ ಕರಗದು; ಹರಿಯುತ್ತಿರುವ ಪ್ರವಾಹ ಹೆಚ್ಚಾಗಿಯೇ ಇಲ್ಲವಲ್ಲ!

ರೇಡಿಯೊ ಹಾಕುವವರಿಗೆ ಕಾದಿರುವ ಮೋಸ ಬೇರೆ. 1967ರವರೆಗಿನ ಎಂ.ಜಿ.ಬಿ.ಯಲ್ಲಿ ಗಾಡಿಯ ಮೈಗೆ ಸೇರಿಸಿರುವುದು ಬ್ಯಾಟರಿಯ ಧನಧ್ರುವ. ಇಂದಿನ ಗಾಡಿಗಳಲ್ಲಿ ಅದು ಋಣಧ್ರುವ. ಈ ವ್ಯತ್ಯಾಸ ಮರೆತು ಹೊಸ ರೇಡಿಯೊವನ್ನು ಸಿಕ್ಕಿಸಿದರೆ, ಅದರ ಲೋಹದ ಕವಚವೋ ಏರಿಯಲ್ಲಿನ ಹೊದಿಕೆಯೋ ಮೈಗೆ ತಾಗಿದೊಡನೆ ಕಿಡಿ ಹಾರಬಹುದು.

ಫ್ಯೂಸಿನ ಮೇಲಿನ ಅಂಕಿಯೂ ಮೋಸಗೊಳಿಸುತ್ತದೆ. ಲೂಕಸ್ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಕರಗಿಹೋಗುವ ಅಳತೆ. ಸದಾಕಾಲ ಹೊರಬಲ್ಲದ್ದು 17 ಆಂಪಿಯರು ಮಾತ್ರ. ಅಮೆರಿಕದ ಪದ್ಧತಿಯಲ್ಲಿ 35 ಎಂದರೆ ಸದಾ ಹೊರುವ ಅಳತೆ. ಅಂಕಿಗೆ ಅಂಕಿ ಹೊಂದಿಸಿ ಅಂಥ ಫ್ಯೂಸನ್ನು ಹಾಕಿದವನು ಕಾವಲುಗಾರನಿಗೆ ನಿದ್ದೆಯ ಮದ್ದು ಕೊಟ್ಟಂತೆ. ಇನ್ನು ಸುಟ್ಟ ಫ್ಯೂಸಿಗೆ ಸಿಗರೇಟಿನ ಬೆಳ್ಳಿಕಾಗದ ಸುತ್ತಿ ಕಾರ್ಯ ಸಾಗಿಸುವವರ ಮಾತೇ ಬೇಡ. ಫ್ಯೂಸು ಹೋದಾಗ ದಪ್ಪ ತಂತಿ ಕಟ್ಟಿ ‘ಇನ್ನು ಹೋಗುವುದಿಲ್ಲ’ ಎಂದು ಬೀಗುವ ಗೃಹಸ್ಥರು ಅವರ ಬಂಧುಗಳೇ!

ಮಾಡಬಹುದಾದದ್ದು

ಗಾಡಿ ಓಡುವಾಗಲೇ ಬೆಂಕಿ ಹತ್ತಬೇಕೆಂದಿಲ್ಲ. ಮನೆಗೆ ಅಂಟಿಕೊಂಡ ಗರಾಜಿನಲ್ಲಿ ನಿಂತ ಗಾಡಿಯೊಳಗೆ ಕಂದು ತಂತಿ ನಡುರಾತ್ರಿಯಲ್ಲಿ ಹೊತ್ತಿಕೊಳ್ಳಬಹುದು. ಮೇಲಿನ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ. ಆದ್ದರಿಂದ ತಿಳಿದವರು ಮೊದಲು ಮಾಡಿಸುವ ಕೆಲಸ ಬ್ಯಾಟರಿಯ ಬಳಿ ಒಂದು ಕಡಿತದ ಸ್ವಿಚ್ಚು. ಗಾಡಿ ನಿಲ್ಲಿಸಿ ಅದನ್ನು ತಿರುಗಿಸಿದರೆ ಕಂದು ತಂತಿಯೂ ನಿರ್ಜೀವ. ಎಂ.ಜಿ.ಬಿ.ಯಂಥ ಗಾಡಿಯಲ್ಲಿ ಇದು ಇನ್ನೂ ಅಗತ್ಯ. ಅದರಲ್ಲಿ 1974ರವರೆಗೆ ಆರಾರು ವೋಲ್ಟಿನ ಎರಡು ಬ್ಯಾಟರಿಗಳನ್ನು ಆಸನಗಳ ಹಿಂದೆ, ನೆಲದಡಿ ಅಡಗಿಸಿಟ್ಟಿದ್ದರು. ಹೊಗೆ ತುಂಬಿದಾಗ ನೆಲಹಾಸು ಸರಿಸಿ, ಮುಚ್ಚಳ ಬಿಚ್ಚಿ, ಸ್ಪ್ಯಾನರು ಹುಡುಕಿ ಬ್ಯಾಟರಿ ಕಳಚುವಷ್ಟು ವ್ಯವಧಾನ ಯಾರಿಗಿರುತ್ತದೆ?

ಎರಡನೆಯದು, ಕಂದು ತಂತಿ ಹುಟ್ಟುವಲ್ಲಿಯೇ ಅದಕ್ಕೆ ತಕ್ಕ ಫ್ಯೂಸು. ದೊಡ್ಡ ದೀಪಗಳಿಗೆ ಬೇರೆ ಫ್ಯೂಸು ಮತ್ತು ರಿಲೇ. ಇದಕ್ಕೆ ಶುದ್ಧವಾದಿಗಳ ಆಕ್ಷೇಪವುಂಟು. ಕಾರ್ಖಾನೆಯಿಂದ ಹೊರಬಂದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ಮೊಳೆಯೂ ಬದಲಾಗಕೂಡದೆಂದು ಅವರ ವಾದ. ಪ್ರದರ್ಶನಗಳಲ್ಲಿ ಬಹುಮಾನ ಕೊಡುವವರೂ ಅದನ್ನೇ ನೋಡುತ್ತಾರೆ. ಆದರೆ ಬೆರಳುದ್ದದ ಫ್ಯೂಸಿನ ಹಿಡಿಕೆಯೊಂದನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ ಅಡಗಿಸಬಹುದು. ಸುಟ್ಟ ಗಾಡಿಯನ್ನು ಅಡಗಿಸಲಾಗದು. ಬಿರಿದ ತಂತಿಗಳ ಜಡೆಯನ್ನೇ ಬದಲಾಯಿಸುವವರಿಗೆ ಹಳೆಯ ಮಾದರಿಯ ಹತ್ತಿಯ ಹೆಣಿಗೆಯಲ್ಲಿಯೇ ಹೊಸ ಜಡೆ ಸಿಕ್ಕುತ್ತದೆ. ಬಣ್ಣ ಬಳಿಸಲು ಸುರಿಯುವ ಹಣದ ಮುಂದೆ ಇದು ಹೆಚ್ಚಿನದೇನಲ್ಲ.

ಖರ್ಚಿಲ್ಲದ ಪರೀಕ್ಷೆಗಳೂ ಇವೆ. ರಾತ್ರಿ ದೀಪ ಹಾಕಿಕೊಂಡು ಅರ್ಧ ಗಂಟೆ ಓಡಿಸಿ, ಎಂಜಿನ್ನನ್ನು ನಿಲ್ಲಿಸಿ, ಅದರ ಬಿಸಿಗೆ ದೂರವಿರುವ ಜೋಡಣೆಗಳನ್ನು ಬೆರಳಿನಿಂದ ಮುಟ್ಟಿ ನೋಡುವುದು ಒಂದು. ಬೆಚ್ಚಗಿರುವ ಜೋಡಣೆ ರೋಗಪೀಡಿತ. ಎಲ್ಲವನ್ನೂ ಆರಿಸಿ, ಬ್ಯಾಟರಿಯ ಒಂದು ತಂತಿ ಬಿಚ್ಚಿ, ಆ ತಂತಿಗೂ ಬ್ಯಾಟರಿಯ ಮೊಳೆಗೂ ನಡುವೆ ಸಣ್ಣ ಬಲ್ಬು ಹಿಡಿಯುವುದು ಇನ್ನೊಂದು. ಬಲ್ಬು ಬೆಳಗಿದರೆ ಎಲ್ಲೋ ವಿದ್ಯುತ್ತು ಸೋರುತ್ತಿದೆ.

ಇಷ್ಟಾದರೂ ಹೊಗೆ ಕಂಡರೆ ಗಾಡಿ ನಿಲ್ಲಿಸಿ, ಎಂಜಿನ್ನು ಆರಿಸಿ, ಎಲ್ಲರೂ ಮೊದಲು ಕೆಳಗಿಳಿಯಬೇಕು. ಸ್ವಿಚ್ಚು ಕೈಗೆಟುಕುವಂತಿದ್ದರೆ ತಿರುಗಿಸಬೇಕು. ಬಾನೆಟ್ಟನ್ನು ತಟಕ್ಕನೆ ಎತ್ತಬಾರದು. ಒಳಗೆ ಉಸಿರುಗಟ್ಟಿ ಮುಲುಗುತ್ತಿರುವ ಬೆಂಕಿ ಗಾಳಿ ಸಿಕ್ಕೊಡನೆ ಮುಖಕ್ಕೇ ಎರಗುತ್ತದೆ. ಇ-ಟೈಪಿನ ಬಾನೆಟ್ಟು ಗಾಡಿಯ ಇಡೀ ಮುಂಭಾಗವೇ ಆಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಅದರ ಮೇಲಿನ ಗಾಳಿಕಿಂಡಿಗಳ ಮೂಲಕವೇ ಅಗ್ನಿಶಾಮಕದ ಪುಡಿಯನ್ನು ಒಳಕ್ಕೆ ಹಾರಿಸುವುದು ಲೇಸು. ಪೆಟ್ರೋಲು ಹೊತ್ತಿದ್ದರೆ ನೀರು ಸುರಿಯಬಾರದು. ಲೋಟಸ್ ಎಲಾನಿನಂಥ ಫೈಬರ್‌ಗ್ಲಾಸ್ ಮೈಯ ಗಾಡಿಗೆ ಉರಿ ಹಿಡಿದರೆ ಉಳಿಸುವ ಆಸೆ ಬಿಟ್ಟು, ದೂರ ಸರಿದು, ಅಗ್ನಿಶಾಮಕ ದಳವನ್ನು ಕರೆಯುವುದೇ ಸರಿ. ಉರಿ ಆರಿದಂತೆ ಕಂಡ ಮೇಲೂ ಕೆಲ ಹೊತ್ತು ಹತ್ತಿರ ಸುಳಿಯಬಾರದು. ಬ್ಯಾಟರಿಯನ್ನು ಕಳಚುವವರೆಗೆ ಕಂದು ತಂತಿಯಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಆರಿದ ಬೆಂಕಿಯನ್ನು ಅದು ಎರಡನೆಯ ಸಲ ಹೊತ್ತಿಸಬಲ್ಲದು.