ಸರಾಸರಿಯ ಮರೆಯಲ್ಲಿ ಸೋತವರು

2007ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಆದಾಯ ತೆರಿಗೆಯ ಮೂಲ ದರವನ್ನು ಶೇ 22ರಿಂದ ಶೇ 20ಕ್ಕೆ ಇಳಿಸುವುದಾಗಿ ಪ್ರಕಟಿಸಿದಾಗ ಆಡಳಿತ ಪಕ್ಷದ ಸದಸ್ಯರು ಹರ್ಷೋದ್ಗಾರ ಮಾಡಿದರು. ಅದೇ ಬಜೆಟ್‌ನಲ್ಲಿ ಮತ್ತೊಂದು ನಿರ್ಧಾರವೂ ಇತ್ತು. ದುಡಿಮೆಯ ಆದಾಯದ ಮೊದಲ ಹಂತಕ್ಕಿದ್ದ ಶೇ 10ರ ದರ 2008ರ ಏಪ್ರಿಲ್‌ನಿಂದ ರದ್ದಾಗಲಿತ್ತು. ಎರಡನ್ನೂ ಕೂಡಿಸಿ ನೋಡಿದಾಗ ನಷ್ಟಕ್ಕೆ ಗುರಿಯಾದ ಕುಟುಂಬಗಳು ಸುಮಾರು 53 ಲಕ್ಷ. ಇವರಲ್ಲಿ ಬಹುಪಾಲು ಕಡಿಮೆ ಸಂಬಳದ, ಮಕ್ಕಳಿಲ್ಲದ ದುಡಿಮೆಗಾರರು.

ಇಂಥ ಲೆಕ್ಕ ಊಹೆಯಿಂದ ಹುಟ್ಟುವುದಲ್ಲ. ಸಮೀಕ್ಷೆಯಲ್ಲಿ ದೊರೆತ ಸಾವಿರಾರು ಕುಟುಂಬಗಳ ಆದಾಯ, ಬಾಡಿಗೆ, ಪಿಂಚಣಿ, ಮಕ್ಕಳ ಸಂಖ್ಯೆಗಳನ್ನು ಗಣಕಯಂತ್ರಕ್ಕೆ ಊಡಿಸಿ, ಪ್ರತಿ ಕುಟುಂಬದ ಕೈಗೆ ಉಳಿಯುವ ಹಣವನ್ನು ಮೊದಲು ಹಳೆಯ ನಿಯಮದಂತೆ, ಅನಂತರ ಹೊಸ ನಿಯಮದಂತೆ ಲೆಕ್ಕ ಹಾಕಲಾಗುತ್ತದೆ. ಎರಡರ ಅಂತರವೇ ಸುಧಾರಣೆಯ ನಿಜವಾದ ಫಲ. 1957ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಗೈ ಆರ್ಕಟ್ ಮುಂದಿಟ್ಟ ಚಿಂತನೆ ಇದಕ್ಕೆ ಬುನಾದಿ. ಐರೋಪ್ಯ ಒಕ್ಕೂಟದ ದೇಶಗಳಿಗೆಲ್ಲ ಅನ್ವಯಿಸುವ ‘ಯೂರೋಮಾಡ್’ ಮಾದರಿಯನ್ನು 2021ರಿಂದ ಐರೋಪ್ಯ ಆಯೋಗವೇ ನಿರ್ವಹಿಸುತ್ತಿದೆ.

ಬ್ರಿಟನ್ನಿನಲ್ಲಿ ಕೊರತೆ ಇದ್ದದ್ದು ಲೆಕ್ಕದ್ದಲ್ಲ, ಕಿವಿಗೊಡುವವರದ್ದು. ಹೊಸ ದರ ಜಾರಿಗೆ ಬರುವ ವೇಳೆಗೆ ಸ್ವಪಕ್ಷೀಯರೇ ತಿರುಗಿಬಿದ್ದರು. ಬ್ರೌನ್ ಆಗ ಪ್ರಧಾನಿ. 2008ರ ಮೇ ತಿಂಗಳಲ್ಲಿ ಅವರ ಸರ್ಕಾರ ತೆರಿಗೆ ವಿನಾಯಿತಿಯ ಮಿತಿಯನ್ನು 600 ಪೌಂಡ್ ಹೆಚ್ಚಿಸಿತು. ಈ ತೇಪೆಗೆ ತಗುಲಿದ ವೆಚ್ಚ 270 ಕೋಟಿ ಪೌಂಡ್. ಆದರೂ ಎಲ್ಲರ ನಷ್ಟ ತುಂಬಲಿಲ್ಲ.

ಈ ಸಾಧನಕ್ಕೆ ಮಿತಿಗಳಿಲ್ಲವೆಂದಲ್ಲ. ಶ್ರೀಮಂತರು ಸಮೀಕ್ಷೆಗಳಲ್ಲಿ ಸರಿಯಾಗಿ ಸಿಕ್ಕುವುದಿಲ್ಲ. ಅರ್ಹತೆ ಇದ್ದೂ ಅರ್ಜಿ ಹಾಕದವರಿಗೆ ನೆರವು ತಲುಪಿದೆಯೆಂದೇ ಯಂತ್ರ ಭಾವಿಸಬಹುದು. ಆದರೆ ಲೋಪಗಳನ್ನು ಬಲ್ಲ ಲೆಕ್ಕ, ಲೆಕ್ಕವೇ ಇಲ್ಲದ ಭರವಸೆಗಿಂತ ಮೇಲು.

ನಮಗೂ ಇದು ದೂರದ ಮಾತಲ್ಲ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ನೀಡುವಂಥದು. ಆಕೆ ಅಥವಾ ಪತಿ ಆದಾಯ ತೆರಿಗೆ ಪಾವತಿದಾರರಾದರೆ ಅದು ಸಿಗದು. ತೆರಿಗೆಯ ಗೆರೆ ಎಳೆಯುವುದು ಕೇಂದ್ರ, ನೆರವು ಕೊಡುವುದು ರಾಜ್ಯ. ಎರಡೂ ಸಂಧಿಸುವುದು ಒಂದೇ ಅಡುಗೆಮನೆಯಲ್ಲಿ. ಬಜೆಟ್ ಪ್ರತಿಯ ಜೊತೆ, ಯಾವ ಬಗೆಯ ಕುಟುಂಬಕ್ಕೆ ಎಷ್ಟು ಲಾಭ, ಎಷ್ಟು ನಷ್ಟ ಎಂಬ ಪಟ್ಟಿಯೂ ಮತಕ್ಕೆ ಮುನ್ನವೇ ಸದನದ ಮುಂದಿರಲಿ. ಸೋಲುವವರು ಯಾರೆಂದು ತಿಳಿದ ಮೇಲೂ ಕೈ ಎತ್ತುವುದಾದರೆ ಅದರ ಹೊಣೆಯನ್ನು ಜನಪ್ರತಿನಿಧಿಗಳು ಹೊರಬೇಕಾಗುತ್ತದೆ.