ಹೂಗ್ಲಿಯ ಹೂಳು: ಶೇ 1ರ ಬೆಲೆ 21 ಕೋಟಿ

11,574 ಕ್ಯೂಸೆಕ್ ನೀರು ಒಂದು ದಿನ ಹರಿದರೆ ಒಂದು ಟಿಎಂಸಿ. ಕಾವೇರಿ ವಿವಾದದ ಪುಣ್ಯದಿಂದ ಈ ಲೆಕ್ಕ ನಮಗೆ ಬಾಯಿಪಾಠ. ಹಾಗಾದರೆ 40,000 ಕ್ಯೂಸೆಕ್ ಎಂದರೆ ದಿನಕ್ಕೆ ಸುಮಾರು ಮೂರೂವರೆ ಟಿಎಂಸಿ, 49.45 ಟಿಎಂಸಿಯ ಕೆಆರ್‌ಎಸ್ ಎರಡೇ ವಾರದಲ್ಲಿ ತುಂಬುವಷ್ಟು. ಗಂಗೆಯಿಂದ ಇಷ್ಟು ನೀರು ತಿರುಗಿಸಿ, 38 ಕಿ.ಮೀ. ಕಾಲುವೆಯಲ್ಲಿ ಹಾಯಿಸಿ ಹೂಗ್ಲಿಗೆ ಬಿಡಲು 1975ರಲ್ಲಿ ಫರಕ್ಕಾ ಬ್ಯಾರೇಜ್ ಕೆಲಸ ಶುರುಮಾಡಿತು. ಮುಖ್ಯ ಉದ್ದೇಶ ನೀರಾವರಿಯಲ್ಲ, ಕೋಲ್ಕತ್ತ ಬಂದರಿನ ಹೂಳು ತೊಳೆಯುವುದು.

40,000 ಕ್ಯೂಸೆಕ್ ಅಂದರೆ ಸೆಕೆಂಡಿಗೆ 1,133 ಘನ ಮೀಟರ್. ದೊಡ್ಡದೇ. ಆದರೆ ಕೆಳಗೆ ಅಳಿವೆಯಲ್ಲಿ 2 ಕಿ.ಮೀ. ಅಗಲ, 7 ಮೀಟರ್ ಆಳ ಇರುವ ಕಡೆ ಉಬ್ಬರ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ನುಗ್ಗುತ್ತದೆ ಎಂದಿಟ್ಟುಕೊಳ್ಳಿ: 14,000 ಘನ ಮೀಟರ್. ಹನ್ನೆರಡು ಪಟ್ಟು! ಬೇಸಿಗೆಯಲ್ಲಂತೂ 40,000 ಸಿಗುವುದೇ ಖಾತ್ರಿಯಿಲ್ಲ. 1996ರ ಭಾರತ–ಬಾಂಗ್ಲಾ ಒಪ್ಪಂದದ ಪ್ರಕಾರ ಜನವರಿಯಿಂದ ಮೇವರೆಗೆ ಫರಕ್ಕಾದಲ್ಲಿ 70,000 ಕ್ಯೂಸೆಕ್ ಅಥವಾ ಅದಕ್ಕೂ ಕಡಿಮೆ ನೀರಿದ್ದರೆ ಸಾಮಾನ್ಯವಾಗಿ ಅರ್ಧರ್ಧ ಪಾಲು.

ಅಳಿವೆಯ ಈ ನೀರಿನಲ್ಲಿ ಹೂಳೆಷ್ಟು? ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಒಂದೇ ಅಂಕಿ ಹೇಳುವವರನ್ನು ನಾನು ನಂಬುವುದಿಲ್ಲ. ಯಾವ ತಿಥಿ, ಉಬ್ಬರದ ಎಷ್ಟನೇ ಗಂಟೆ, ಎಷ್ಟು ಆಳ ಎಂದು ಮೊದಲು ಕೇಳಬೇಕು. ನೀರಿನ ವೇಗ ಇಮ್ಮಡಿಯಾದರೆ ತಳವನ್ನು ಉಜ್ಜುವ ಬಲ ನಾಲ್ಮಡಿ. ಹಾಗಾಗಿ ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಸೆಳೆತದಲ್ಲಿ ಕೆಸರಾಗುವ ನೀರು ಅಷ್ಟಮಿಯ ಹೊತ್ತಿಗೆ ಸಾಕಷ್ಟು ತಿಳಿಯಾಗುತ್ತದೆ. ಮೇಲ್ಪದರದ ಬಾಟಲಿಗೂ ತಳದ ಬಾಟಲಿಗೂ ತಾಳೆಯಾಗುವುದು ಅಪರೂಪ.

ಉಪ್ಪಿನ ಪಾತ್ರ ಇನ್ನೂ ಸ್ವಾರಸ್ಯದ್ದು. 10 ಮೈಕ್ರಾನಿನ ಒಂಟಿ ಕಣ ಸೆಕೆಂಡಿಗೆ 0.09 ಮಿ.ಮೀ. ಇಳಿಯುತ್ತದೆ, 8 ಮೀಟರ್ ಆಳ ಮುಟ್ಟಲು ಅದಕ್ಕೆ ಸುಮಾರು 25 ಗಂಟೆ ಬೇಕು. ಅಷ್ಟರಲ್ಲಿ ನಾಲ್ಕು ಬಾರಿ ನೀರು ದಿಕ್ಕು ಬದಲಿಸಿರುತ್ತದೆ. ಅದೇ ಜೇಡಿ ಕಣಗಳು ಉಪ್ಪುನೀರು ತಾಗಿದೊಡನೆ ಒಂದಕ್ಕೊಂದು ಅಂಟಿ ಹತ್ತಿಯ ಎಸಳಿನಂಥ ಗಂಟುಗಳಾಗುತ್ತವೆ. ಅಂಥ ಗಂಟು ಸೆಕೆಂಡಿಗೆ 1 ಮಿ.ಮೀ. ಇಳಿದರೂ ಸಾಕು, ಎರಡೂಕಾಲು ಗಂಟೆಯೊಳಗೆ ತಳ ಸೇರುತ್ತದೆ. ಸಿಹಿ–ಉಪ್ಪು ಬೆರೆಯುವ ಜಾಗದಲ್ಲಿ ಹೂಳು ಗುಂಪುಗೂಡುವುದಕ್ಕೆ ಇದೂ ಒಂದು ಕಾರಣ. ಜೊತೆಗೆ ಕೋಲ್ಕತ್ತದ ಕಡೆಗೆ ಹೋದಂತೆ ಉಬ್ಬರದ ಅವಧಿ ಕುಗ್ಗಿ, ಇಳಿತದ್ದು ಹಿಗ್ಗುತ್ತದೆ. ಕಡಿಮೆ ಹೊತ್ತಿನಲ್ಲಿ ರಭಸದಿಂದ ಒಳಬಂದದ್ದು ನಿಧಾನದ ಇಳಿತದಲ್ಲಿ ಪೂರ್ತಿ ಹೊರಹೋಗುವುದಿಲ್ಲ. ಮಳೆಗಾಲದ ಪ್ರವಾಹ ಬಂದು ತಳ್ಳಬೇಕು.

ಈಗ ದುಡ್ಡಿನ ಲೆಕ್ಕ. ಮೇಲಿನ 14,000 ಘನ ಮೀಟರ್ ನೀರಿನಲ್ಲಿ ಲೀಟರಿಗೆ 500 ಮಿ.ಗ್ರಾಂ. ಹೂಳಿದ್ದರೆ ಸೆಕೆಂಡಿಗೆ 7 ಟನ್, ಮೂರು ಗಂಟೆಯಲ್ಲಿ 75,600 ಟನ್. ಅದರಲ್ಲಿ ಶೇ 1 ಮಾತ್ರ ಒಳಗೇ ಉಳಿಯಿತೆನ್ನಿ: ಒಂದು ಉಬ್ಬರಕ್ಕೆ 756 ಟನ್. ವರ್ಷಕ್ಕೆ ಸುಮಾರು 705 ಉಬ್ಬರ, ಒಟ್ಟು 5.3 ಲಕ್ಷ ಟನ್. ಹೊಸ ಕೆಸರಿನ ಘನ ಮೀಟರಿನಲ್ಲಿ ಒಣ ಹೂಳು ಅರ್ಧ ಟನ್ ಎಂದು ಹಿಡಿದರೆ 10.6 ಲಕ್ಷ ಘನ ಮೀಟರ್. ಹೂಳೆತ್ತಲು ಘನ ಮೀಟರಿಗೆ 200 ರೂಪಾಯಿ ದರ ಊಹಿಸಿದರೂ 21 ಕೋಟಿ. ನದಿಯಲ್ಲಿ ಬಾಟಲಿ ಮುಳುಗಿಸಿ, ಸೋಸಿ, ಒಣಗಿಸಿ ತೂಗುವ ಅಳತೆಯಲ್ಲಿ ಶೇ 1ರ ವ್ಯತ್ಯಾಸ ಗೊತ್ತೇ ಆಗದು. ಡ್ರೆಜರ್ ಬಿಲ್ಲಿನಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಹೂಳೆತ್ತದಿದ್ದರೆ ನಷ್ಟ ಹಡಗಿನದು. 225 ಮೀಟರ್ ಉದ್ದ, 32 ಮೀಟರ್ ಅಗಲದ ಕಲ್ಲಿದ್ದಲು ಹಡಗು 1 ಸೆಂ.ಮೀ. ಹೆಚ್ಚು ಮುಳುಗಿದರೆ ಸುಮಾರು 65 ಟನ್ ಹೆಚ್ಚು ಹೊರುತ್ತದೆ. ಹಡಗು ಸಾಗುವ ಹಾದಿಯ ಆಳ 30 ಸೆಂ.ಮೀ. ತಗ್ಗಿದರೆ ಹತ್ತಿರ ಹತ್ತಿರ 2,000 ಟನ್ ಸರಕನ್ನು ಬೇರೆ ಕಡೆ ಇಳಿಸಿಯೇ ಬರಬೇಕು. 1977ರಲ್ಲಿ ಸಮುದ್ರಕ್ಕೆ ಹತ್ತಿರವೆಂದು ತೆರೆದ ಹಲ್ದಿಯಾ ಡಾಕಿಗೂ ದೊಡ್ಡ ಹಡಗುಗಳು ತುಂಬಿದ ಹೊಟ್ಟೆಯಲ್ಲಿ ಬರಲಾರವು. ಪಾರಾದೀಪ್‌ನಂಥ ಆಳದ ಬಂದರಿನಲ್ಲಿ ಒಂದಷ್ಟು ಇಳಿಸಿ ಬರುತ್ತವೆ.