ಗೇರ್‌ಬಾಕ್ಸ್ ಬಿಚ್ಚಿಸುವ ಮುನ್ನ ಎಣ್ಣೆ ನೋಡಿ

ಹಳೆಯ ಆಟೊಮ್ಯಾಟಿಕ್ ಕಾರಿನವರು ತಿಳಿದಿರಬೇಕಾದ ಕೆಲವು ವಿಷಯ

ತಿರುವೊಟ್ಟಿಯೂರು: ಈ ಊರಿಗೆ ವಾಹನ ಹೊಸದಲ್ಲ. ಪಕ್ಕದ ಎಣ್ಣೂರಿನಲ್ಲಿ ಅಶೋಕ್ ಮೋಟಾರ್ಸ್ 1949ರಲ್ಲೇ ಆಸ್ಟಿನ್ ಕಾರುಗಳನ್ನು ಜೋಡಿಸತೊಡಗಿತ್ತು. ಅದೇ ಕಂಪನಿ ಮುಂದೆ ಅಶೋಕ್ ಲೇಲ್ಯಾಂಡ್ ಆಯಿತು. ಬುಲೆಟ್ ಬೈಕಿನ ಎನ್‌ಫೀಲ್ಡ್ ಕಾರ್ಖಾನೆ ಇದ್ದುದೂ ತಿರುವೊಟ್ಟಿಯೂರಿನಲ್ಲೇ. ಹಗಲಿರುಳು ಕಂಟೇನರ್ ಲಾರಿಗಳು ಓಡುವ ಈ ಭಾಗದ ಮೆಕ್ಯಾನಿಕ್‌ಗಳಿಗೆ ಲಾರಿ ಗೇರ್‌ಬಾಕ್ಸ್ ಅಂಗೈ ಮೇಲಿನ ನೆಲ್ಲಿಕಾಯಿ.

ಆದರೆ ಹತ್ತು ಹದಿನೈದು ವರ್ಷ ಹಳೆಯ ಆಟೊಮ್ಯಾಟಿಕ್ ಕಾರು ಗ್ಯಾರೇಜಿಗೆ ಬಂದರೆ ಕತೆಯೇ ಬೇರೆ. ಗೇರ್ ಬೀಳಲು ತಡವಾಗುತ್ತದೆ, ಜರ್ಕ್ ಹೊಡೆಯುತ್ತದೆ ಎಂದರೆ ಸಾಕು, "ಗೇರ್‌ಬಾಕ್ಸ್ ಹೋಯ್ತು ಸಾರ್, ಬದಲಾಯಿಸಬೇಕು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಬದಲಾಯಿಸುವ ಖರ್ಚು ಕೆಲವೊಮ್ಮೆ ಕಾರಿನ ಇಂದಿನ ಬೆಲೆಯನ್ನೇ ಮೀರುತ್ತದೆ. ಮೊಣಕಾಲು ನೋವಿನಿಂದ ಕ್ಲಚ್ ತುಳಿಯಲಾರದೆ ಆಟೊಮ್ಯಾಟಿಕ್ ಕೊಂಡ ನಿವೃತ್ತರಿಗೆ ಕಾರು ನಿಂತರೆ ಆಸ್ಪತ್ರೆ, ದೇವಸ್ಥಾನ, ಮದುವೆ ಮನೆ ಎಲ್ಲವೂ ದೂರವಾಗುತ್ತವೆ. ಆದ್ದರಿಂದ ದೊಡ್ಡ ರಿಪೇರಿಗೆ ಒಪ್ಪುವ ಮುನ್ನ ಕಡಿಮೆ ಖರ್ಚಿನ ಪರೀಕ್ಷೆಗಳನ್ನು ಒಂದೊಂದಾಗಿ ಮುಗಿಸುವುದು ಜಾಣತನ.

ಯಾವ ಜಾತಿಯದು?

ಆಟೊಮ್ಯಾಟಿಕ್ ಎಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಹಳೆಯ ಮಾರುತಿ ಝೆನ್ ಆಟೊಮ್ಯಾಟಿಕ್, ಎ-ಸ್ಟಾರ್, ಹ್ಯುಂಡೈ ಐ10 ಇವುಗಳಲ್ಲಿರುವುದು ಟಾರ್ಕ್ ಕನ್ವರ್ಟರ್. ಇಲ್ಲಿ ಎಂಜಿನ್ನಿನ ಬಲವನ್ನು ದಾಟಿಸುವುದೂ, ಒಳಗಿನ ಕ್ಲಚ್ ಪ್ಲೇಟುಗಳನ್ನು ಒತ್ತಿ ಗೇರ್ ಬದಲಿಸುವುದೂ ಎಣ್ಣೆಯ ಒತ್ತಡವೇ. ಹಳೆಯ ಹೋಂಡಾ ಸಿಟಿಯ ಕೆಲವು ಮಾದರಿಗಳಲ್ಲಿರುವುದು ಸಿವಿಟಿ. ಇದರಲ್ಲಿ ಮೆಟ್ಟಿಲು ಮೆಟ್ಟಿಲಾದ ಗೇರುಗಳಿಲ್ಲ, ಎರಡು ರಾಟೆ ಮತ್ತು ಒಂದು ಉಕ್ಕಿನ ಬೆಲ್ಟ್ ಇರುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿ ಮೂರನೆಯದು. ಅದು ನಿಜಕ್ಕೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ಒತ್ತಿ ಗೇರ್ ಹಾಕುವ ಕೆಲಸವನ್ನು ಮಾತ್ರ ಯಂತ್ರ ಮಾಡುತ್ತದೆ. ಗೇರ್ ಬದಲಾಗುವಾಗ ತುಸು ತಲೆದೂಗುವುದು ಅದರ ಸ್ವಭಾವ, ರೋಗವಲ್ಲ. ನಿಮ್ಮ ಕಾರಿನಲ್ಲಿರುವುದು ಯಾವುದೆಂದು ಮ್ಯಾನ್ಯುಯಲ್ ನೋಡಿ ತಿಳಿದುಕೊಳ್ಳಿ.

ಎಣ್ಣೆಯೇ ಮೊದಲ ಸಾಕ್ಷಿ

ಟಾರ್ಕ್ ಕನ್ವರ್ಟರ್ ಕಾರುಗಳಲ್ಲಿ ಗೇರ್ ಎಣ್ಣೆ ಅಳೆಯಲು ಸಾಮಾನ್ಯವಾಗಿ ಪ್ರತ್ಯೇಕ ಕಡ್ಡಿ ಇರುತ್ತದೆ. ಬಹುತೇಕ ಕಾರುಗಳಲ್ಲಿ ಎಂಜಿನ್ ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಕೆಲವು ಕಂಪನಿಗಳ ಕಾರುಗಳಲ್ಲಿ ಎಂಜಿನ್ ಆಫ್ ಮಾಡಿದ ಕೂಡಲೇ ಅಳೆಯಬೇಕು. ಇದಕ್ಕೂ ಮ್ಯಾನ್ಯುಯಲ್ಲೇ ಪ್ರಮಾಣ.

ಕಡ್ಡಿಯನ್ನು ಬಿಳಿ ಕಾಗದಕ್ಕೆ ಒರೆಸಿ ನೋಡಿ. ಹೊಸ ಎಣ್ಣೆ ಸಾಮಾನ್ಯವಾಗಿ ಕೆಂಪಗೆ, ತಿಳಿಯಾಗಿರುತ್ತದೆ. ಕಂದು ಬಣ್ಣಕ್ಕೆ ತಿರುಗಿದ್ದರೆ ಎಣ್ಣೆಗೆ ವಯಸ್ಸಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆಯುತ್ತಿವೆ. ಹಾಲು ಬೆರೆಸಿದಂತೆ ನಸುಗೆಂಪಾಗಿದ್ದರೆ ನೀರು ಸೇರಿದೆ ಎಂದರ್ಥ. ಅಂಥ ಕಾರನ್ನು ಓಡಿಸಲೇಬಾರದು. ರೇಡಿಯೇಟರ್ ಒಳಗಿನ ಕೂಲರ್ ಒಡೆದರೂ ಹೀಗಾಗುತ್ತದೆ, ಮಳೆನೀರು ಗೇರ್‌ಬಾಕ್ಸಿನ ಗಾಳಿಕೊಳವೆಯಿಂದ ಇಳಿದರೂ ಹೀಗಾಗುತ್ತದೆ.

ಈ ಕೊನೆಯ ಮಾತು ಉತ್ತರ ಚೆನ್ನೈಗೆ ಮುಖ್ಯ. 2015ರ ಡಿಸೆಂಬರ್ ನೆರೆಯನ್ನು ಯಾರೂ ಮರೆತಿಲ್ಲ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಂತೂ ಎಣ್ಣೂರು ಅಳಿವೆಯ ಆಸುಪಾಸಿನಲ್ಲಿ ನೀರಿನ ಜೊತೆ ತೈಲವೂ ತೇಲಿ ಬಂದಿತ್ತು. ನೀರಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಸಾಗಿಸಿ, ಗೇರ್ ಎಣ್ಣೆ ಪರೀಕ್ಷಿಸಿದ ಮೇಲೆಯೇ ಓಡಿಸಬೇಕು.

ಲಕ್ಷಣ ನೋಡಿ ಮದ್ದು

ಡಿ ಅಥವಾ ಆರ್‌ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ಕಾದು ಕಾರು ಹೊರಟರೆ ಎಣ್ಣೆ ಕಡಿಮೆಯಾಗಿರಬಹುದು, ಫಿಲ್ಟರ್ ಕಟ್ಟಿರಬಹುದು ಅಥವಾ ಒಳಗಿನ ಸೀಲುಗಳು ಗಟ್ಟಿಯಾಗಿರಬಹುದು. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗುತ್ತದೆ, ವೇಗ ಮಾತ್ರ ಏರುವುದಿಲ್ಲ ಎಂದರೆ ಕ್ಲಚ್ ಜಾರುತ್ತಿದೆ. ಇದೂ ಎಣ್ಣೆ ಕಡಿಮೆಯಾದಾಗ ಬರುತ್ತದೆ. ಎಣ್ಣೆ ಸರಿಯಿದ್ದೂ ಜಾರಿದರೆ ಒಳಗಿನ ಸವೆತವೆಂದು ತಿಳಿಯಬೇಕು.

ಜರ್ಕ್ ಹೊಡೆಯುವುದಕ್ಕೆ ಗೇರ್‌ಬಾಕ್ಸೇ ಕಾರಣವಾಗಬೇಕಿಲ್ಲ. ಎಂಜಿನ್ ಮೌಂಟಿಂಗ್ ರಬ್ಬರ್ ಸೀಳಿದ್ದರೂ, ಥ್ರಾಟಲ್ ಬಾಡಿಯಲ್ಲಿ ಕಿಟ್ಟ ಕಟ್ಟಿದ್ದರೂ, ಹಳೆಯ ಮಾದರಿಗಳಲ್ಲಿ ಕಿಕ್‌ಡೌನ್ ಕೇಬಲ್ ಸಡಿಲವಾಗಿದ್ದರೂ ಹಾಗಾಗುತ್ತದೆ.

ಕಾರು ಮೇಲಿನ ಗೇರಿಗೆ ಏರದಿದ್ದರೆ ಮೊದಲು ಲಿವರಿನಲ್ಲಿರುವ ಓವರ್‌ಡ್ರೈವ್ ಬಟನ್ ನೋಡಿ. ಕೈ ತಾಗಿ ಅದು ಆಫ್ ಆಗಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ‘ಓ/ಡಿ ಆಫ್’ ದೀಪ ಉರಿಯುತ್ತಿರುತ್ತದೆ. ಅದನ್ನು ಮತ್ತೆ ಒತ್ತಿದರೆ ಮುಗಿಯಿತು, ಖರ್ಚು ಸೊನ್ನೆ. ಲಿವರ್ ಪಿ ಬಿಟ್ಟು ಬರದಿದ್ದರೆ ಹಿಂದಿನ ಬ್ರೇಕ್ ಲೈಟ್ ಉರಿಯುತ್ತದೆಯೇ ನೋಡಿ. ಉರಿಯದಿದ್ದರೆ ತಪ್ಪು ಬ್ರೇಕ್ ಸ್ವಿಚ್ಚಿನದೋ ಫ್ಯೂಸಿನದೋ ಆಗಿರುವ ಸಾಧ್ಯತೆ ಹೆಚ್ಚು.

ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಎಚ್ಚರಿಕೆ ದೀಪ ಉರಿದರೆ, ಕಂಪ್ಯೂಟರ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಸ್ಕ್ಯಾನರ್ ಹಾಕಿ ಕೋಡ್ ಓದಿಸಬೇಕು. ದುರ್ಬಲ ಬ್ಯಾಟರಿ, ಕೆಟ್ಟ ಸೆನ್ಸರ್, ಸೊಲೆನಾಯ್ಡ್ ಇವು ಸಾಮಾನ್ಯ ಕಾರಣಗಳು. ಸಮುದ್ರದ ಉಪ್ಪುಗಾಳಿಗೆ ವೈರಿಂಗ್ ಕನೆಕ್ಟರ್, ಅರ್ಥ್ ವೈರ್ ತುಕ್ಕು ಹಿಡಿಯುವುದರಿಂದ ಅವನ್ನು ಬಿಚ್ಚಿ ಶುಚಿ ಮಾಡಿಸುವುದು ಒಳ್ಳೆಯದು.

ಎಣ್ಣೆ ಬದಲಿಸುವಾಗ

ಯಾವ ಎಣ್ಣೆ ಎಂಬುದರಲ್ಲಿ ರಾಜಿ ಬೇಡ. ಸಿವಿಟಿಗೆ ಮಾಮೂಲಿ ಆಟೊಮ್ಯಾಟಿಕ್ ಎಣ್ಣೆ ಹಾಕಿದರೆ ಬೆಲ್ಟ್, ರಾಟೆ ಎರಡೂ ಹಾಳು. ಟಾರ್ಕ್ ಕನ್ವರ್ಟರ್‌ನಲ್ಲಿ ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆಯ ಒಂದು ಭಾಗವಷ್ಟೇ ಇಳಿಯುತ್ತದೆ. ಉಳಿದದ್ದು ಕನ್ವರ್ಟರಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಸ್ವಲ್ಪ ದಿನ ಓಡಿಸಿ ಎರಡು ಮೂರು ಸಲ ಬದಲಿಸುವುದು ಕ್ರಮ. ವರ್ಷಗಟ್ಟಲೆ ಎಣ್ಣೆ ಬದಲಿಸದ ಗೇರ್‌ಬಾಕ್ಸನ್ನು ಯಂತ್ರದ ಒತ್ತಡದಿಂದ ಒಮ್ಮೆಲೇ ತೊಳೆಸದಿರುವುದು ಕ್ಷೇಮ. ಆದರೆ ಈಗಾಗಲೇ ಪ್ಲೇಟ್ ಸವೆದಿದ್ದರೆ ಹೊಸ ಎಣ್ಣೆಯಿಂದ ಅದು ಮರಳಿ ಬರುವುದಿಲ್ಲ ಎಂಬುದೂ ನೆನಪಿರಲಿ.

ದಾರಿಯಲ್ಲಿ ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಎಂಜಿನ್ ನಿಂತಾಗ ಎಣ್ಣೆ ಪಂಪ್ ಕೂಡ ನಿಲ್ಲುತ್ತದೆ. ಚಕ್ರ ತಿರುಗಿದಷ್ಟೂ ಒಳಗೆ ಒಣ ತಿಕ್ಕಾಟ. ಮುಂಚಕ್ರ ಚಾಲನೆಯ ಕಾರಾದರೆ ಮುಂದಿನ ಚಕ್ರಗಳನ್ನು ಎತ್ತಿಸಬೇಕು, ಅಥವಾ ಇಡೀ ಕಾರನ್ನು ಲಾರಿಗೇರಿಸಬೇಕು.

ಲೆಕ್ಕ ಹಾಕಿ ನಿರ್ಧರಿಸಿ

ತೊಂದರೆ ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಾದಾಗಲೋ, ಯಾವ ವೇಗದಲ್ಲಿ, ಎಷ್ಟು ದಿನದಿಂದ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ಗೆ ಕೊಡಿ. ಸ್ಕ್ಯಾನರ್ ಕೋಡನ್ನೂ ಎಸ್ಟಿಮೇಟನ್ನೂ ಬರಹದಲ್ಲಿ ಕೇಳಿ. ತೆಗೆದ ಹಳೆಯ ಬಿಡಿಭಾಗಗಳನ್ನು ನೋಡದೆ ಹಣ ಕೊಡಬೇಡಿ. ದೊಡ್ಡ ಮೊತ್ತವಾದರೆ ಆಟೊಮ್ಯಾಟಿಕ್ ಕೆಲಸವನ್ನೇ ಮಾಡುವ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ.

ಕಾರಿಗೆ ಹದಿನೈದು ವರ್ಷ ತುಂಬುತ್ತಿದ್ದರೆ ನೋಂದಣಿ ನವೀಕರಣದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನವೀಕರಿಸಿದರೆ ಸಿಗುವುದು ಐದು ವರ್ಷ. ಅಷ್ಟು ಕಾಲ ಕಾರು ಓಡುವುದಾದರೆ ರಿಪೇರಿ ಲಾಭ, ಇಲ್ಲವಾದರೆ ಮಾರುವುದೇ ಲೇಸು. ಎರಡರಲ್ಲಿ ಯಾವುದನ್ನು ನಿರ್ಧರಿಸುವುದಿದ್ದರೂ ಮೊದಲು ಆ ಕಡ್ಡಿ ತೆಗೆದು ಎಣ್ಣೆಯ ಬಣ್ಣ ನೋಡಿ.